ಬಿಟ್ರೆ ಇನ್ನೊಂದು ಎಷ್ಟೊತ್ತಿಗೆ?

ಬೆಂಗಳೂರಿನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡಲು ಶುರುವಾದ ವಾರ. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲಿನಿಂದ ಇಳಿದವರೆಲ್ಲ ಮೆಟ್ಟಿಲಿನ ಕಡೆ ಓಡುತ್ತಿದ್ದರು. ಎರಡು ಕೈಯಲ್ಲೂ ಬಟ್ಟೆಯ ಚೀಲ ಹಿಡಿದಿದ್ದ ಹಿರಿಯ ಹೆಂಗಸೊಬ್ಬರಿಗೆ ಓಡಲಾಗಲಿಲ್ಲ. ಅವರು ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ಬೊಮ್ಮಸಂದ್ರದ ರೈಲಿನ ಬಾಗಿಲು ಮುಚ್ಚಿಕೊಂಡಿತು. "ಇನ್ನೊಂದು ಎಷ್ಟೊತ್ತಿಗೆ ಬರುತ್ತಪ್ಪಾ?" ಎಂದು ಅಲ್ಲಿದ್ದ ಕಾವಲು ಹುಡುಗನನ್ನು ಕೇಳಿದರು. "25 ನಿಮಿಷ ಆಗುತ್ತಮ್ಮ, ಕೂತ್ಕೊಳ್ಳಿ." ಅವರು ಚೀಲ ಕೆಳಗಿಟ್ಟು ಕೂತರು. ಪಕ್ಕದಲ್ಲಿ ನಾನೂ ಕೂತೆ.

ನಗರದ ಯೋಜನೆಗಳ ಸುದ್ದಿ ನಮಗೆ ತಲುಪುವುದು ಯಾವಾಗಲೂ ಎರಡು ಅಳತೆಯಲ್ಲಿ: ಕಿಲೋಮೀಟರು ಮತ್ತು ಕೋಟಿ. ಹಳದಿ ಮಾರ್ಗ 19.15 ಕಿಲೋಮೀಟರು, 16 ನಿಲ್ದಾಣ, ಸುಮಾರು 7,160 ಕೋಟಿ ರೂಪಾಯಿ. 2025ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದರು, ಮರುದಿನದಿಂದ ಜನ ಹತ್ತಿದರು. ಇದೆಲ್ಲ ಮೊದಲ ಪುಟದ ಚೌಕದಲ್ಲಿ ಅಚ್ಚಾಯಿತು. ಆ ತಾಯಿ ಕೇಳಿದ ಪ್ರಶ್ನೆಗೆ ಮಾತ್ರ ಅಂಥ ಚೌಕದಲ್ಲಿ ಜಾಗ ಸಿಗುವುದು ಅಪರೂಪ. ಆದರೆ ನಗರದಲ್ಲಿ ಬದುಕುವವರು ಯೋಜನೆಯನ್ನು ಅಳೆಯುವುದೇ ಆ ಪ್ರಶ್ನೆಯಿಂದ. ಬಸ್ಸಾಗಲಿ, ರೈಲಾಗಲಿ, ನಲ್ಲಿಯ ನೀರಾಗಲಿ, ಒಂದು ಸಲ ತಪ್ಪಿದರೆ ಮತ್ತೆ ಎಷ್ಟು ಹೊತ್ತು ಕಾಯಬೇಕು? ನಾನು ಹೇಳಬೇಕೆಂದಿರುವುದು ಈ ಕಾಯುವ ಹೊತ್ತಿನ ಲೆಕ್ಕವನ್ನೇ. ಆ ಲೆಕ್ಕ ಕಷ್ಟದ್ದಲ್ಲ, ನಾವು ಕೇಳುವುದಿಲ್ಲ ಅಷ್ಟೆ.

ರಾಗಿ ಕಣ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಹರಡಿದ ತೆನೆಯ ಮೇಲೆ ರೋಣಗಲ್ಲು ಎಳೆದುಕೊಂಡು ಎತ್ತು ಸುತ್ತುತ್ತಿರುತ್ತವೆ. ನೀವು ಕಣದ ಅಂಚಿನಲ್ಲಿ ಒಂದೇ ಕಡೆ ನಿಂತರೆ, ಒಂದು ಜೋಡಿ ನಿಮ್ಮ ಮುಂದೆ ಹಾದು ಮತ್ತೊಂದು ಜೋಡಿ ಬರುವುದಕ್ಕೆ ಎಷ್ಟು ಹೊತ್ತು? ಕಣ ಎಷ್ಟು ದೊಡ್ಡದು, ಎತ್ತು ಎಷ್ಟು ಚುರುಕು, ಎಷ್ಟು ಜೋಡಿ ಕಟ್ಟಿದ್ದಾರೆ, ಈ ಮೂರು ಗೊತ್ತಾದರೆ ಮುಗಿಯಿತು. ಮೆಟ್ರೊ ಮಾರ್ಗವೂ ಅಂಥದೇ ಕಣ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗಿ, ಅಲ್ಲಿ ತಿರುಗಿ, ವಾಪಸ್ ಬಂದು, ಮತ್ತೆ ಹೊರಡಲು ಸಜ್ಜಾಗುವುದಕ್ಕೆ ರೈಲಿಗೆ ಹೆಚ್ಚೂಕಡಿಮೆ 75 ನಿಮಿಷ ಬೇಕು. ಶುರುವಿನ ದಿನ ಇದ್ದದ್ದು 3 ರೈಲು. 75ನ್ನು 3ರಿಂದ ಭಾಗಿಸಿದರೆ 25. ಕಾವಲು ಹುಡುಗ ಹೇಳಿದ 25 ನಿಮಿಷ ಬಂದದ್ದು ಅಲ್ಲಿಂದ. ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ರೈಲು ಸೇರಿತು, ಅಂತರ 19 ನಿಮಿಷಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಐದನೆಯದು ಬಂತು, 15 ನಿಮಿಷವಾಯಿತು. ಭಾಗಾಕಾರ ಮಾಡಿ ನೋಡಿ, ಅದೇ ಉತ್ತರ.

ಈ ಭಾಗಾಕಾರದೊಳಗೆ ಇನ್ನೊಂದು ಸಂಗತಿ ಇದೆ. ಮೂರು ರೈಲಿದ್ದಲ್ಲಿ ನಾಲ್ಕನೆಯದು ಬಂದಾಗ ಪ್ರಯಾಣಿಕನಿಗೆ 6 ನಿಮಿಷ ಉಳಿಯಿತು. ಐದನೆಯದು ಬಂದಾಗ ಉಳಿದದ್ದು ನಾಲ್ಕು ನಿಮಿಷದಷ್ಟು. ಹದಿನಾಲ್ಕು ರೈಲಿದ್ದಲ್ಲಿ ಹದಿನೈದನೆಯದು ಬಂದರೆ ಉಳಿಯುವುದು 20 ಸೆಕೆಂಡು ಚಿಲ್ಲರೆ. ಅಂದರೆ ಮೊದಲ ಐದಾರು ರೈಲುಗಳ ಬೆಲೆಯೇ ಬೇರೆ. ಅವು ಬರುವುದು ತಡವಾದ ಒಂದೊಂದು ತಿಂಗಳೂ ಆ ದಾರಿಯ ಜನ ತಮ್ಮ ಬೆಳಗಿನ ನಿದ್ದೆಯನ್ನೋ ಸಂಜೆಯ ಊಟವನ್ನೋ ಕೊಟ್ಟು ತುಂಬಿದ ತಿಂಗಳು. ಅಂತರ ಹತ್ತು ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ: ಜನ ಗಡಿಯಾರ ನೋಡಿಕೊಂಡು ಮನೆ ಬಿಡುವುದನ್ನು ನಿಲ್ಲಿಸುತ್ತಾರೆ. "ಹೋದರೆ ಸಿಗುತ್ತೆ" ಎಂಬ ನಂಬಿಕೆ ಬರುತ್ತದೆ. ಬೈಕು, ಕಾರು ಬಿಟ್ಟು ಬರುವವರು ಬರುವುದು ಆ ನಂಬಿಕೆ ಬಂದ ಮೇಲೆಯೇ, ಅದಕ್ಕಿಂತ ಮೊದಲಲ್ಲ.

ಹಾಗಾದರೆ ಮೂರೇ ರೈಲಿನಿಂದ ಏಕೆ ಶುರುಮಾಡಿದರು? ಕಂಬ ನಿಂತಿತ್ತು, ಹಳಿ ಹಾಸಿತ್ತು, ನಿಲ್ದಾಣಗಳಿಗೆ ಬಣ್ಣವೂ ಬಿದ್ದಿತ್ತು. ಕೊರತೆ ಇದ್ದದ್ದು ಬೋಗಿಗಳದ್ದು. 216 ಬೋಗಿ, ಅಂದರೆ ಆರು ಬೋಗಿಯ 36 ರೈಲುಗಳ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಅವುಗಳಲ್ಲಿ ಹೆಚ್ಚಿನವನ್ನು ಭಾರತದಲ್ಲೇ ತಯಾರಿಸಬೇಕಿತ್ತು. ಮರುವರ್ಷ ಕೋವಿಡ್, ಅದರ ಜೊತೆಯಲ್ಲೇ ಗಾಲ್ವಾನ್ ಕಣಿವೆಯಲ್ಲಿ ಭಾರತ-ಚೀನಾ ಸಂಘರ್ಷ. ಚೀನಾದ ಎಂಜಿನಿಯರುಗಳಿಗೆ ವೀಸಾ ಸಿಗುವುದೇ ತೊಡಕಾಯಿತು, ಇಲ್ಲಿ ಕಾರ್ಖಾನೆ ಹೊಂದಿಸುವುದೂ ಹಿಂದೆ ಬಿತ್ತು. ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿ ತಯಾರಿಕೆಗೆ ಜೊತೆಯಾಯಿತು. ಚೀನಾದಲ್ಲಿ ಕಟ್ಟಿದ ಮೊದಲ ರೈಲು 2024ರ ಫೆಬ್ರುವರಿಯಲ್ಲಿ ಚೆನ್ನೈ ಬಂದರಿನಲ್ಲಿ ಇಳಿದು, ಲಾರಿಗಳ ಮೇಲೆ ಹೆಬ್ಬಗೋಡಿ ಡಿಪೊ ತಲುಪಿತು. ಟೀಟಾಗಢದಲ್ಲಿ ತಯಾರಾದ ಮೊದಲ ರೈಲು ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ. ಬಂದ ರೈಲನ್ನು ಹಾಗೇ ಹಳಿಗೆ ಬಿಡುವಂತಿಲ್ಲ. ಈ ಮಾರ್ಗದ ಸಿಗ್ನಲ್ ವ್ಯವಸ್ಥೆ ಚಾಲಕನಿಲ್ಲದೆಯೂ ಓಡಿಸಬಹುದಾದಷ್ಟು ಹೊಸದು, ಪ್ರತಿ ರೈಲೂ ಅದರ ಜೊತೆ ಮಾತಾಡಲು ಕಲಿಯಬೇಕು. ಬ್ರೇಕು, ಬಾಗಿಲು, ಓಲಾಟ ಎಲ್ಲವನ್ನೂ ಪರೀಕ್ಷಿಸಿ, ರೈಲು ಸುರಕ್ಷತಾ ಆಯುಕ್ತರು ಒಪ್ಪಬೇಕು. ಆ ಪರೀಕ್ಷೆಯಲ್ಲಿ ಆತುರ ಮಾಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಕಂಬದ ಗುತ್ತಿಗೆ ಎಷ್ಟಾಯಿತು, ಎಲ್ಲಿಗೆ ಬಂತು ಎಂದು ವಾರವಾರವೂ ಕೇಳಿದ ಊರು, ಬೋಗಿಯ ಗುತ್ತಿಗೆಯ ಬಗ್ಗೆ ಬಹುಕಾಲ ಕೇಳಲೇ ಇಲ್ಲ.

ಬಸ್ಸಿನ ಕಥೆ ಇದಕ್ಕಿಂತ ಹಳೆಯದು. ಬೆಂಗಳೂರಿನ ಬಸ್ಸು ಬಿಟಿಎಸ್ ಆಗಿದ್ದ ಕಾಲದಲ್ಲಿ ಆ ಮೂರು ಅಕ್ಷರಕ್ಕೆ ಜನ ಕೊಟ್ಟುಕೊಂಡಿದ್ದ ಅರ್ಥ "ಬಿಟ್ರೆ ತಿರ್ಗಾ ಸಿಗಲ್ಲ". 1997ರ ಆಗಸ್ಟ್ 15ರಂದು ಬಿಎಂಟಿಸಿ ಹುಟ್ಟಿತು, ಹೆಸರು ಬದಲಾಯಿತು. ಆ ಮಾತು ಮಾತ್ರ ಉಳಿದುಕೊಂಡಿದೆ, ಏಕೆಂದರೆ ಅದರಲ್ಲಿದ್ದದ್ದು ಅನುಭವದ ಲೆಕ್ಕ.

ಕಣದ ಲೆಕ್ಕವನ್ನೇ ಬಸ್ಸಿಗೆ ಹಾಕೋಣ. ಒಂದು ಮಾರ್ಗದಲ್ಲಿ ಹೋಗಿಬರಲು 2 ಗಂಟೆ, ಅಲ್ಲಿಗೆ ಬಿಟ್ಟ ಬಸ್ಸು 8 ಎಂದುಕೊಳ್ಳಿ. 120 ನಿಮಿಷಕ್ಕೆ 8 ಬಸ್ಸು, 15 ನಿಮಿಷಕ್ಕೊಂದು. ರಸ್ತೆಯಲ್ಲಿ ವಾಹನ ಹೆಚ್ಚಿ ಅದೇ ಸುತ್ತಿಗೆ 160 ನಿಮಿಷ ಹಿಡಿಯಲು ಶುರುವಾಯಿತು ಎಂದಿಟ್ಟುಕೊಳ್ಳಿ. ಬಸ್ಸು ಅವೇ 8, ಚಾಲಕರೂ ಅವರೇ, ಡೀಸೆಲ್ ಇನ್ನೂ ಹೆಚ್ಚು. ಆದರೆ ನಿಲ್ದಾಣದಲ್ಲಿ ನಿಂತವರಿಗೆ 20 ನಿಮಿಷಕ್ಕೊಂದು. ಮತ್ತೆ 15 ನಿಮಿಷಕ್ಕೆ ತರಬೇಕಾದರೆ ಇನ್ನೂ 3 ಬಸ್ಸು ಬೇಕು. ಆ 3 ಬಸ್ಸನ್ನು ತಿಂದದ್ದು ಯಾವುದು? ಸಿಗ್ನಲ್ಲು, ಡಬಲ್ ಪಾರ್ಕಿಂಗು, ಅಗೆದು ಬಿಟ್ಟ ರಸ್ತೆ. ಹಾಗಾಗಿಯೇ ಬಸ್ಸಿಗೆ ದಾರಿ ಬಿಡಿಸಿಕೊಡುವುದೂ ಬಸ್ಸು ಕೊಳ್ಳುವುದೂ ಒಂದೇ ಕೆಲಸದ ಎರಡು ಮುಖ. 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಒಂದು ಓಣಿ ಬಿಟ್ಟು, ಗಿಡ್ಡ ಕಂಬ ನೆಟ್ಟು ನೋಡಿದ್ದರು. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಓಣಿ ಹೋಯಿತು. ಮೆಟ್ರೊ ಬರುವವರೆಗೆ ಆ ರಸ್ತೆಗೆ ಅತ್ಯಂತ ಬೇಕಾಗಿದ್ದದ್ದು ಆ ಓಣಿಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಂಥ ಓಣಿಯನ್ನು ಹಿಡಿದು ನಿಂತ ಊರು ನಮ್ಮಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರು ರಸ್ತೆಯ ನಡುಭಾಗವನ್ನು ಬಸ್ಸಿಗೇ ಮೀಸಲಿಟ್ಟರು. ಬಸ್ಸಿಗೆ ಇಟ್ಟ ಹೆಸರು ಚಿಗರಿ. ಆ ಭಾಗದ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ, ಹೆಸರಿನಲ್ಲೇ ಅದರ ಆಸೆ ಇದೆ. 2018ರ ಅಕ್ಟೋಬರ್‌ನಲ್ಲಿ ಓಡಾಟ ಆರಂಭವಾಯಿತು, 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಹಳೆಯ ಪಿ.ಬಿ. ರಸ್ತೆಯಲ್ಲಿ ಎಲ್ಲ ವಾಹನಗಳ ನಡುವೆ ತೂರಿಕೊಂಡು ಹೋಗುತ್ತಿದ್ದ ಬಸ್ಸಿಗೂ, ಖಾಲಿ ಓಣಿಯಲ್ಲಿ ಸೀದಾ ಓಡುವ ಬಸ್ಸಿಗೂ ಇರುವ ಅಂತರ ಅಲ್ಲಿನ ಕಾಲೇಜು ಹುಡುಗರಿಗೆ, ಕಚೇರಿಗೆ ಹೋಗುವವರಿಗೆ ಯಾರೂ ವಿವರಿಸಬೇಕಿಲ್ಲ. ಹಾಗೆಂದು ಎಲ್ಲ ಸರಿಯಿದೆ ಎಂದಲ್ಲ. ಪಕ್ಕಕ್ಕೆ ಸರಿದ ಕಾರು-ಬೈಕುಗಳವರಿಗೆ ರಸ್ತೆ ಇಕ್ಕಟ್ಟಾಯಿತೆಂಬ ಸಿಟ್ಟಿದೆ. ಮಳೆ ಜೋರಾದರೆ ಧಾರವಾಡದ ಟೋಲ್‌ನಾಕಾ ಬಳಿ ನೀರು ನಿಂತು ಕೆರೆಯಾಗುವುದು ಆ ಊರಿನವರ ಬಹುದಿನದ ದೂರು. ಮೀಸಲು ಓಣಿ ಬೇಡವೆಂಬ ಕೂಗೂ ಎದ್ದಿದೆ. ಓಣಿ ಕಿತ್ತರೆ ಬಸ್ಸಿನ ಸುತ್ತು ಮತ್ತೆ ಉದ್ದವಾಗುತ್ತದೆ, ಅದೇ ಬಸ್ಸುಗಳು ಅಷ್ಟು ಬೇಗ ತಿರುಗಿ ಬರಲಾರವು. ಕೂಗುವವರೂ ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಕೂಗಬೇಕು.

ಬಸ್ಸಿಗೆ ಮಾತ್ರ ಅಂಟಿದ ಇನ್ನೊಂದು ರೋಗವಿದೆ. ಅರ್ಧ ಗಂಟೆ ಒಂದೂ ಬರುವುದಿಲ್ಲ, ಬಂದರೆ ಮೂರು ಒಟ್ಟಿಗೆ. ಇದು ಚಾಲಕರು ಬೇಕೆಂದು ಮಾಡುವುದು ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಮುಂದಿನ ಬಸ್ಸು ಯಾವುದೋ ಸಿಗ್ನಲ್‌ನಲ್ಲಿ ಮೂರು ನಿಮಿಷ ತಡವಾಯಿತು ಎನ್ನಿ. ಮುಂದಿನ ನಿಲ್ದಾಣದಲ್ಲಿ ಅದಕ್ಕೆ ಕಾಯುವವರು ಆ ಮೂರು ನಿಮಿಷದಲ್ಲಿ ಹೆಚ್ಚಾಗಿರುತ್ತಾರೆ. ಅವರೆಲ್ಲ ಹತ್ತಬೇಕು, ಟಿಕೆಟ್ ಆಗಬೇಕು, ಬಸ್ಸು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ನಿಲ್ದಾಣಗಳಲ್ಲಿ ಜನವೇ ಇಲ್ಲ, ಅದು ಬೇಗ ಬೇಗ ಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಗಂಟೆಗೆ 4 ಬಸ್ಸು ಸರಿಯಾದ ಅಂತರದಲ್ಲಿ ಬಂದರೆ ಸರಾಸರಿ ಕಾಯುವುದು ಏಳೂವರೆ ನಿಮಿಷ. ಅದೇ 4 ಬಸ್ಸು ಒಟ್ಟಿಗೆ ಬಂದರೆ ಸರಾಸರಿ 30 ನಿಮಿಷ. ದಾಖಲೆಯಲ್ಲಿ ಎರಡೂ ಒಂದೇ, "ಗಂಟೆಗೆ 4 ಟ್ರಿಪ್". ಬಿಸಿಲಲ್ಲಿ ನಿಂತವರಿಗೆ ಒಂದೇ ಅಲ್ಲ. ಇದಕ್ಕೆ ಮದ್ದು ಇದೆ: ಬಸ್ಸುಗಳು ಎಲ್ಲಿವೆ ಎಂದು ನೋಡುತ್ತಾ, ಅಂಟಿಕೊಳ್ಳಲು ಬಂದದ್ದನ್ನು ಒಂದೆರಡು ನಿಮಿಷ ತಡೆದು ಬಿಡುವುದು. ಬಸ್ಸಿನಲ್ಲಿ ಜಿಪಿಎಸ್ ಇರುವ ಕಾಲದಲ್ಲಿ ಆ ಮದ್ದಿಗೆ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ಕೂತು ನೋಡುವ ಮನುಷ್ಯ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಉಳಿಯಿತು. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸದವರು ಆ ಹಣವನ್ನು ಯಾವ್ಯಾವುದಕ್ಕೆ ಬಳಸಿದರು ಎಂದು ಅವರ ಬಾಯಲ್ಲೇ ಕೇಳಿದ್ದೇನೆ, ಅದನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಅದಕ್ಕಾಗಿಯೇ ಹೇಳುತ್ತೇನೆ: ಹಣ ಕೊಡದವರೂ ಹೊತ್ತು ಕೊಡುತ್ತಲೇ ಇದ್ದಾರೆ. ರಾತ್ರಿ ಎಂಟರ ಮೇಲೆ ದೀಪವಿಲ್ಲದ ನಿಲ್ದಾಣದಲ್ಲಿ ನಿಂತ ಹೆಣ್ಣುಮಗಳಿಗೆ 20 ನಿಮಿಷ ಎಂದರೆ, ಬೆಳಗ್ಗೆ ಹತ್ತರ 20 ನಿಮಿಷವಲ್ಲ. ನಿಲ್ದಾಣಕ್ಕೊಂದು ದೀಪ, ಕೂರಲೊಂದು ಕಟ್ಟೆ, ಮುಂದಿನ ಬಸ್ಸು ಯಾವಾಗ ಎಂಬ ನಿಜವಾದ ಮಾಹಿತಿ, ಇವಿಷ್ಟೂ ಶಕ್ತಿ ಯೋಜನೆಯ ಬಾಕಿ ಕಂತು.

ನೀರಿಗೂ ಇದೇ ಲೆಕ್ಕ ಹೊಂದುತ್ತದೆ. ಹಳ್ಳಿಗಳಲ್ಲಿ ನೀರುಗಂಟಿ ಇದ್ದ ಹಾಗೆ ಬೆಂಗಳೂರಿನ ಬಡಾವಣೆಗಳಲ್ಲಿ ವಾಲ್ವ್ ತಿರುಗಿಸುವ ವಾಟರ್‌ಮನ್. ಅವರ ಫೋನ್ ನಂಬರು ಬೀದಿಯ ಎಲ್ಲ ಮನೆಯಲ್ಲೂ ಇರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಎದುರು ಮನೆಯವರನ್ನು ಕೇಳುವ ಮೊದಲ ಮಾತು "ನೀರು ಬಂತಾ?" 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ನಗರದ ಪಾಲಿಕೆ ಬಿಬಿಎಂಪಿ ಆಯಿತು. ಹಳ್ಳಿಗಳು ಅಂದಿನಿಂದ ನಗರದ ತೆರಿಗೆಯ ಲೆಕ್ಕಕ್ಕೆ ಬಂದವು. ಅವುಗಳಿಗೆಂದೇ ಹೊರಟ ಕಾವೇರಿ 5ನೇ ಹಂತದ ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನಡುವೆ 17 ವರ್ಷ. ಆ 17 ವರ್ಷವನ್ನು ಜನ ಬೋರ್‌ವೆಲ್ಲು, ಟ್ಯಾಂಕರು, ಬಿಂದಿಗೆ, ಸಂಪುಗಳಲ್ಲಿ ಕಳೆದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳೂ ಕೈಕೊಟ್ಟದ್ದು ಎಲ್ಲರಿಗೂ ನೆನಪಿದೆ.

5ನೇ ಹಂತ ತರುವುದು ದಿನಕ್ಕೆ 775 ದಶಲಕ್ಷ ಲೀಟರು. ಕಾವೇರಿಯಿಂದ ಬೆಂಗಳೂರು ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿದ ನೀರನ್ನು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎತ್ತಬೇಕು. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯ ಮೊದಲ ಹಂತ: ಊರು ಬೆಳೆದಂತೆಲ್ಲ ನೀರಿನ ದಾರಿ ಉದ್ದವಾಗುತ್ತಾ ಬಂದಿದೆ. ಇಷ್ಟು ದೂರದಿಂದ ಏರಿಬಂದ ನೀರು ಕೊನೆಯ ಬೀದಿಯಲ್ಲಿ ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ ಹರಿದರೆ, ನೀರಿನ ಕೊರತೆಯ ಜೊತೆಗೆ ಇನ್ನೊಂದು ತೊಂದರೆ ಸೇರುತ್ತದೆ. ಪೈಪಿನಲ್ಲಿ ನೀರು ತುಂಬಿ ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಪೈಪು ಖಾಲಿಯಾಗಿ ಒತ್ತಡ ಇಳಿದಾಗ ಅದೇ ಬಿರುಕಿನಿಂದ ಚರಂಡಿಯ ಕೊಳೆ ಒಳಗೆ ಬರುತ್ತದೆ. ನಲ್ಲಿಯಲ್ಲಿ ಮೊದಲು ಬರುವ ಕೆಂಪು ನೀರನ್ನು ಚೆಲ್ಲುವ ಅಭ್ಯಾಸ ನಮ್ಮ ಹೆಂಗಸರಿಗೆ ಇರುವುದು ಸುಮ್ಮನೆ ಅಲ್ಲ.

ಇಲ್ಲಿಯೂ ಹುಬ್ಬಳ್ಳಿ-ಧಾರವಾಡವನ್ನೇ ನೆನೆಯಬೇಕು. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನಲ್ಲಿ ನೀರು ಬರುವಂತೆ ಮಾಡಿದರು. ಅದೇ ಊರಿನ ಉಳಿದ ಬಡಾವಣೆಗಳಿಗೆ ಆಗ ಹಲವು ದಿನಕ್ಕೊಮ್ಮೆ ನೀರು. ದಿನವಿಡೀ ಬಿಟ್ಟರೆ ನೀರೆಲ್ಲ ಮುಗಿದುಹೋಗುತ್ತದೆ ಎಂದು ಮೊದಲಿಗೆ ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹೊಸ ನೀರು ಬಂತೆಂದು ಕೊಡದಲ್ಲಿದ್ದ ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲುವುದು ನೀರು ಎಂದು ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ. ಯಾವಾಗ ತಿರುಗಿಸಿದರೂ ಬರುತ್ತದೆ ಎಂದು ಗೊತ್ತಿರುವ ಮನೆಯಲ್ಲಿ ಯಾರೂ ಡ್ರಮ್ಮು ತುಂಬಿಸುವುದಿಲ್ಲ. ರೈಲಿನ "ಹೋದರೆ ಸಿಗುತ್ತೆ" ಎಂಬ ನಂಬಿಕೆಯೇ ಇಲ್ಲಿ ನಲ್ಲಿಗೆ ಬಂದಿರುತ್ತದೆ.

ಬೆಂಗಳೂರಿನ ಉಪನಗರ ರೈಲಿನ ಕಾಯುವಿಕೆಯನ್ನಂತೂ ನಿಮಿಷದಲ್ಲಿ ಅಳೆಯಲಾಗದು. ನಾಲ್ಕು ಮಾರ್ಗ, ನಾಲ್ಕಕ್ಕೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು 148 ಕಿಲೋಮೀಟರು, 15,767 ಕೋಟಿ ರೂಪಾಯಿ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ 2022ರ ಜೂನ್ 20ರಂದು. 40 ತಿಂಗಳಲ್ಲಿ ಎಂದು ಅಂದು ಹೇಳಿದ್ದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿತು, ನಾಲ್ಕರಲ್ಲಿ ಒಂದು ಹೂವಿನ ರೈಲೂ ಆಗ ಓಡುತ್ತಿರಲಿಲ್ಲ.

ಇಷ್ಟೆಲ್ಲ ಕಾಯುವಿಕೆಗೆ ಉತ್ತರ ಕೊಡಬೇಕಾದವರು ಯಾರು ಎಂದು ಹುಡುಕಿದರೆ ದಾರಿ ತಪ್ಪುತ್ತದೆ. ಬಸ್ಸು ಒಂದು ನಿಗಮದ್ದು, ಬಸ್ಸು ಓಡುವ ರಸ್ತೆ ಪಾಲಿಕೆಯದು, ಸಿಗ್ನಲ್ಲು ಸಂಚಾರ ಪೊಲೀಸರದು, ಮೆಟ್ರೊಗೆ ಬೇರೆ ಕಂಪನಿ, ಉಪನಗರ ರೈಲಿಗೆ ಮತ್ತೊಂದು, ನೀರಿಗೆ ಜಲಮಂಡಳಿ. ಸಂಚಾರದ ಎಲ್ಲ ಎಳೆಗಳನ್ನೂ ಒಂದು ಕಡೆ ಹಿಡಿಯಲೆಂದು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಯನ್ನು 2022ರ ಕೊನೆಯಲ್ಲಿ ವಿಧಾನಮಂಡಲ ಒಪ್ಪಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ಬಿಬಿಎಂಪಿ ಇರುವವರೆಗೂ ಇನ್ನೊಂದು ಚುನಾವಣೆ ನಡೆಯಲೇ ಇಲ್ಲ. ಐದು ವರ್ಷ, "ನೀರು ಬಂದಿಲ್ಲ ಸಾರ್" ಎಂದು ಮನೆ ಬಾಗಿಲಿಗೆ ಹೋಗಿ ಕೇಳಲು ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ನನಗೆ ಅನ್ನಿಸುವುದು ಇಷ್ಟು: ಪ್ರತಿ ವಾರ್ಡಿನಲ್ಲೂ ಒಂದು ಹಲಗೆ ಇರಬೇಕು. ಹೋದ ತಿಂಗಳು ಇಲ್ಲಿ ಬಸ್ಸಿಗೆ ಎಷ್ಟು ನಿಮಿಷ ಕಾದರು, ನೀರಿಗೆ ಎಷ್ಟು ಗಂಟೆ ಕಾದರು, ಕೆಟ್ಟ ಬೀದಿದೀಪ ಎಷ್ಟು ದಿನಕ್ಕೆ ಹತ್ತಿತು. ಕೋಟಿಗಳ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆಯಲಿ.

ಮೆಟ್ರೊದಲ್ಲಿ ಹಳದಿಯ ನಂತರದ ಸರದಿ ಗುಲಾಬಿ ಮಾರ್ಗದ್ದು. ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21 ಕಿಲೋಮೀಟರು ಚಿಲ್ಲರೆ, ಅದರಲ್ಲಿ ಸುಮಾರು 13.8 ಕಿಲೋಮೀಟರು ನೆಲದ ಕೆಳಗೆ. ಉದ್ದ ಹಳದಿ ಮಾರ್ಗಕ್ಕಿಂತ ಸ್ವಲ್ಪವೇ ಹೆಚ್ಚು, ಆದ್ದರಿಂದ ಒಂದು ಸುತ್ತಿಗೆ 80 ನಿಮಿಷದ ಆಸುಪಾಸು ಎಂದು ಹಿಡಿಯಬಹುದು. 5 ನಿಮಿಷಕ್ಕೊಂದು ರೈಲು ಬೇಕೆಂದರೆ 16 ರೈಲು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ ಹಾದು ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ಸುಮಾರು 58 ಕಿಲೋಮೀಟರು, ಅಲ್ಲಿ ಕಣವೇ ಮೂರು ಪಟ್ಟು ದೊಡ್ಡದು, ರೈಲೂ ಹೆಚ್ಚೂಕಡಿಮೆ ಅಷ್ಟೇ ಪಟ್ಟು ಬೇಕು. ಎರಡೂ ಮಾರ್ಗಕ್ಕೆ ಸೇರಿ 318 ಬೋಗಿ, ಅಂದರೆ 53 ರೈಲು ಕಟ್ಟುವ ಕೆಲಸ 2023ರಲ್ಲಿ ಬಿಇಎಂಎಲ್‌ಗೆ ಸಿಕ್ಕಿದೆ. ಈ ಸಲ ಸಮುದ್ರ ದಾಟಿ ಬರಬೇಕಾಗಿಲ್ಲ, ನಮ್ಮ ಊರಿನ ಕಾರ್ಖಾನೆಯಿಂದಲೇ ಬರುತ್ತವೆ. ಮೊದಲ ದಿನ ಹಳಿಯ ಮೇಲೆ ಎಷ್ಟು ಇರುತ್ತವೆ, ಮೂರನೆಯ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ರಿಬ್ಬನ್ ಕತ್ತರಿಸುವ ಮೊದಲೇ ಕೇಳಬಹುದು.

ಅಂದು ಆರ್.ವಿ. ರಸ್ತೆಯಲ್ಲಿ ರೈಲು ಬಂದಾಗ ಪ್ಲಾಟ್‌ಫಾರ್ಮ್ ತುಂಬಿಹೋಗಿತ್ತು. ಆ ತಾಯಿಗೆ ಒಬ್ಬ ಹುಡುಗಿ ಸೀಟು ಬಿಟ್ಟುಕೊಟ್ಟಳು. ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು, ಕಿಟಕಿಯಾಚೆ ಕೆಳಗೆ ನಿಂತ ವಾಹನಗಳ ಸಾಲನ್ನು ನೋಡುತ್ತಾ ಅವರು ಕೇಳಿದರು, "ವಾಪಸ್ ಬರೋವಾಗ ರಾತ್ರಿ ಎಷ್ಟೊತ್ತಿನವರೆಗೂ ಇರುತ್ತಮ್ಮ ಇದು?" ಹುಡುಗಿ ಫೋನ್ ತೆಗೆದು ಹುಡುಕತೊಡಗಿದಳು.